ಬಟ್ಟೆಯಲ್ಲೇ ಬಿಟ್ಟ ದಬ್ಬಣ

ಕಿಟಕಿ ಹಾಕಿ. ಪರದೆ ಹಾಗೇ ಇರಲಿ, ಎಳೀಬೇಡಿ. ಪರದೆ ಎಳೆಯೋ ಸದ್ದು ನನಗೆ ಆಗಿಬರಲ್ಲ. ಯಾಕೆ ಅಂತ ಹೇಳ್ತೀನಿ... ಅದಕ್ಕೇ ತಾನೇ ಎಲ್ಲರೂ ಕತ್ತಿನವರೆಗೂ ಹೊದ್ದುಕೊಂಡು ಕೂತಿರೋದು?

ಮೊದಲೇ ಒಂದು ಮಾತು. ನಾನು ಆಯಸ್ಸೆಲ್ಲ ಆಸ್ಪತ್ರೇಲಿ ರಾತ್ರಿ ಪಾಳಿ ಮಾಡಿದ ನರ್ಸು. ಹೆಣ ಇಡೋ ಕೋಣೆ ಪಕ್ಕದ ಬೆಂಚಲ್ಲಿ ಕೂತು ಆರಾಮಾಗಿ ಬ್ರೆಡ್ಡು ತಿಂದವಳು. ಯಾರಾದ್ರೂ ದೆವ್ವ ನೋಡಿದೆ ಅಂದ್ರೆ ಮೊದಲು ಹಣೆ ಮುಟ್ಟಿ ಜ್ವರ ನೋಡ್ತಿದ್ದೆ. ಈಗಲೂ ಅಷ್ಟೇ. ಆದ್ರೆ ಇದು ನನ್ನ ಸ್ವಂತ ಚಿಕ್ಕಮ್ಮನ ಮನೇಲಿ ನಡೆದದ್ದು. ನಾನು ನೋಡಿದ್ದು. ನಗೋರು ಈಗಲೇ ನಕ್ಕುಬಿಡಿ.

ಆವತ್ತು ಪಾಳಿ ಮುಗಿಸಿ ತಡವಾಗಿ ಹೊರಟೆ. ಬೀದಿ ದೀಪ ಕೆಟ್ಟಿತ್ತು. ಸಮುದ್ರದ ಕಡೆ ಇಳಿಯೋ ಓಣಿ, ಓಣಿಯ ತಿರುವಿನಲ್ಲಿ ಹಳೇ ಬಾವಿ. ಯಾರೂ ನೀರು ಸೇದಲ್ಲ, ಮೇಲೆ ಕಬ್ಬಿಣದ ಜಾಲರಿ ಹಾಕಿಬಿಟ್ಟಿದ್ರು. ಗಾಳಿ ಇಲ್ಲ. ಅಲೆ ಕೂಡ ಸದ್ದು ಮಾಡ್ತಿರಲಿಲ್ಲ. ನನ್ನ ಚಪ್ಪಲಿ ಮಾತ್ರ... ಪಟ್, ಪಟ್, ಪಟ್.

ಬಾವಿ ಹತ್ರ ಬಂದೆ. ಇನ್ನೊಂದು ಸದ್ದು.

ಟಕ್... ಸರ್‍ರ್‍ರ್. ಟಕ್... ಸರ್‍ರ್‍ರ್.

ನಿಂತುಬಿಟ್ಟೆ. ಆ ಸದ್ದು ನನಗೆ ಗೊತ್ತು. ದಪ್ಪ ಹಾಯಿಬಟ್ಟೆಗೆ ದಬ್ಬಣ ಇಳಿಯೋದು ಟಕ್. ಮೇಣ ಉಜ್ಜಿದ ದಾರ ಅದರ ಹಿಂದೆ ಎಳ್ಕೊಂಡು ಬರೋದು ಸರ್‍ರ್. ಚಿಕ್ಕಮ್ಮನ ಮನೇಲೇ ಬೆಳೆದವಳು ನಾನು. ಆ ಮನೇಲಿ ದೋಣಿಗಳಿಗೆ ಹಾಯಿ ಹೊಲಿಯೋದೇ ಕಸುಬು. ಜೋಗುಳಕ್ಕಿಂತ ಆ ಸದ್ದು ಹೆಚ್ಚು ಕೇಳಿದೀನಿ.

ಬಾವಿ ಕಟ್ಟೆ ಮೇಲೆ ಯಾರೋ ಕೂತಿದ್ರು. ಉದ್ದಕ್ಕೆ, ತೆಳ್ಳಗೆ... ಚಿಕ್ಕಮ್ಮನ ಮಗ. ಅವನನ್ನ ನಾವೆಲ್ಲ ಕಡ್ಡಿ ಅಂತಲೇ ಕರೆಯೋದು. ಮದುವೆಯಾದ ಮೇಲಾದ್ರೂ ದಪ್ಪ ಆಗ್ತಾನೆ ಅಂದುಕೊಂಡಿದ್ವಿ, ಆಗಲಿಲ್ಲ.

"ಏಯ್ ಕಡ್ಡಿ... ಈ ಹೊತ್ತಲ್ಲಿ ಇಲ್ಲೇನೋ ಮಾಡ್ತಿದೀಯ?"

ಕಣ್ಣು ತೆರೆದಿತ್ತು, ನನ್ನ ಕಡೆ ನೋಡ್ತಿರಲಿಲ್ಲ. ಹತ್ರ ಹೋಗಿ ಟಾರ್ಚು ಬಿಟ್ಟೆ. ಮಡಿಲಲ್ಲಿ ಬಟ್ಟೆ ಇಲ್ಲ. ಕೈಯಲ್ಲಿ ದಬ್ಬಣ ಇಲ್ಲ, ದಾರ ಇಲ್ಲ. ಕೈ ಮಾತ್ರ ಏರ್ತಿತ್ತು, ಇಳೀತಿತ್ತು. ಸದ್ದು ಬರ್ತಾನೇ ಇತ್ತು.

ಇನ್ನೊಂದು ವಿಷಯ ಆಮೇಲೆ ಕಣ್ಣಿಗೆ ಬಿತ್ತು. ಹೊಲೀತಿದ್ದದ್ದು ಎಡಗೈ. ಕಡ್ಡಿ ಬಲಗೈಯವನು. ಆ ಮನೇಲಿ ಎಡಗೈಯವರು ಅಂತ ಇದ್ದದ್ದು ಒಬ್ಬರೇ. ನಮ್ಮ ಚಿಕ್ಕಪ್ಪ.

ಚಿಕ್ಕಪ್ಪನ ವಿಷಯ ನಿಮಗೆ ಗೊತ್ತಿಲ್ಲ. ಕಡ್ಡಿ ಇನ್ನೂ ಶಾಲೆಗೆ ಹೋಗ್ತಿದ್ದಾಗ ಒಂದು ಬೆಳಿಗ್ಗೆ, ಯಾರಿಗೋ ಹೊಸ ಹಾಯಿ ಕೊಟ್ಟು ಬರ್ತೀನಿ ಅಂತ ದೋಣಿ ಹತ್ತಿ ಹೋದರು. ಬರಲಿಲ್ಲ. ದೋಣಿ ಇಲ್ಲ, ಹಲಗೆ ಇಲ್ಲ, ಹೆಣ ಇಲ್ಲ. ಹೊರಡೋವಾಗ ಮನೇಲಿ ಒಂದು ಹಾಯಿ ಅರ್ಧ ಹೊಲಿದಿದ್ರು. ಅದರಲ್ಲೇ ದಬ್ಬಣ ಚುಚ್ಚಿಟ್ಟು ಎದ್ದಿದ್ರು.

ಹಾಯಿ ಹೊಲಿಯೋರಲ್ಲಿ ಒಂದು ಪದ್ಧತಿ ಇದೆ ನೋಡಿ. ಕೆಲಸ ಮುಗಿದ್ರೆ ಗಂಟು ಹಾಕಿ ದಾರ ಕತ್ತರಿಸ್ತಾರೆ. ನಡುವೆ ಏಳಬೇಕಾದ್ರೆ ದಬ್ಬಣನ ಬಟ್ಟೆಯಲ್ಲೇ ಚುಚ್ಚಿಟ್ಟು ಏಳ್ತಾರೆ. ಈ ಕೆಲಸ ನಂದು, ನಾನು ವಾಪಸ್ ಬರ್ತೀನಿ ಅಂತ ಅದರ ಅರ್ಥ. ಬಾಯಲ್ಲಿ ಹೇಳೋದು ಬೇಡ. ಹಾಗೆ ಚುಚ್ಚಿಟ್ಟ ದಬ್ಬಣನ ಇನ್ನೊಬ್ಬರು ಮುಟ್ಟಲ್ಲ.

ಚಿಕ್ಕಮ್ಮನೂ ಮುಟ್ಟಲಿಲ್ಲ. ಆ ಅರ್ಧ ಹಾಯಿನ ಗೋಡೆಗೆ ತೂಗುಹಾಕಿ, ದಬ್ಬಣ ಸಮೇತ ಹಾಗೇ ಇಟ್ಟಳು. ಧೂಳು ಹೊಡೆಯೋವಾಗಲೂ ಅದರ ಸುತ್ತ ಹೊಡೆಯೋದು. ಗಂಡ ಸತ್ತ ಅಂತ ಯಾರಾದ್ರೂ ಅಂದ್ರೆ, "ದಬ್ಬಣ ಇಲ್ಲೇ ಇದೆಯಲ್ಲ" ಅನ್ನೋಳು. ಅಷ್ಟೇ. ಸಮುದ್ರ ಕಂಡ್ರೆ ಅವಳಿಗೆ ಆಗ್ತಿರಲಿಲ್ಲ. ದೋಣಿ ಕಟ್ಟೋ ದಕ್ಕೆ ಮೇಲೆ ನಿಂತು, ಅಲ್ಲಿನ ದೋಣಿ ಅಲ್ಲಾಡೋದು ನೋಡಿದ್ರೇ ಹೊಟ್ಟೆ ತೊಳಸೋದು.

ಈಗ ಕಡ್ಡಿ ವಿಷಯಕ್ಕೆ ಬರ್ತೀನಿ. ಆವತ್ತು ಬಾವಿ ಹತ್ರದಿಂದ ಅವನ ಭುಜ ಹಿಡ್ಕೊಂಡು ಮನೆಗೆ ಕರ್ಕೊಂಡು ಹೋದೆ. ಕುರಿ ಹಾಗೆ ಬಂದ. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವಳು ಶಾಲೇಲಿ ಚಿತ್ರ ಕಲಿಸ್ತಾಳೆ, ಮನೇಲೂ ಅವಳ ಹೆಸರು ಟೀಚರ್ರೇ. ಅವನನ್ನ ಮಲಗಿಸಿ ಅಡುಗೆಮನೆಗೆ ಬಂದು ನನ್ನ ಕೈ ಹಿಡ್ಕೊಂಡಳು.

"ಅಕ್ಕಾ, ಎಲ್ಲ ನನ್ನಿಂದಲೇ ಆಯ್ತು," ಅಂದಳು. "ಆ ದ್ವೀಪಕ್ಕೆ ಹೋಗೋಣ ಅಂತ ನಾನೇ ಗಂಟುಬಿದ್ದೆ..."

ಅವಳು ಅಳ್ತಾ ಹೇಳಿದ್ದನ್ನ ಹೇಳಿದ ಹಾಗೇ ಹೇಳ್ತೀನಿ, ಸೇರಿಸಲ್ಲ.

ಇಬ್ಬರಿಗೂ ರಜೆ. ಕಡ್ಡಿ ಆಗ ತಾನೇ ತನಗೆ ಅಂತ ಒಂದು ಸಣ್ಣ ಹಾಯಿದೋಣಿ ಮಾಡಿಸಿದ್ದ. ದೂರದಲ್ಲಿ ಒಂದು ಪುಟ್ಟ ದ್ವೀಪ, ಅಲ್ಲೊಂದು ಊರು, ನೋಡೋಕೆ ಚಿತ್ರದ ಹಾಗಿದೆ ಅಂತ ಯಾರೋ ಟೀಚರ್ ಕಿವಿಗೆ ಹಾಕಿದ್ರು. ಬಣ್ಣದ ಪೆಟ್ಟಿಗೆ ತಗೊಂಡು ಹೊರಟೇಬಿಟ್ಟಳು. ಒಳ್ಳೆ ಗಾಳಿ. ಕಡ್ಡಿ ಚುಕ್ಕಾಣಿ ಹಿಡ್ಕೊಂಡು ಹಾಡು ಬೇರೆ ಹೇಳಿದನಂತೆ. ಅವನ ಹಾಡು ಕೇಳಿದ ಮೇಲೂ ಅವಳು ವಾಪಸ್ ಹೋಗೋಣ ಅನ್ನಲಿಲ್ಲ ಅಂದ್ರೆ, ಊರು ನೋಡೋ ಆಸೆ ಎಷ್ಟಿರಬೇಕು ಲೆಕ್ಕ ಹಾಕಿ.

ಊರು ನಿಜವಾಗ್ಲೂ ಚಂದ ಇತ್ತಂತೆ. ಸುಣ್ಣ ಬಳಿದ ಗೋಡೆ, ಹಸಿರು ನೀಲಿ ಬಾಗಿಲು, ಕಿಟಕಿಗೊಂದು ಹೂಕುಂಡ. ಕಲ್ಲು ಹಾಸಿದ ಓಣಿ, ಒಂದು ಕಸ ಇಲ್ಲ. ಎದುರು ಸಿಕ್ಕವರೆಲ್ಲ ನಗೋರು, "ಬಂದ್ರಾ... ಬನ್ನಿ" ಅನ್ನೋರು. ಮೆತ್ತಗೆ. ಯಾರೂ ಜೋರಾಗಿ ಮಾತಾಡ್ತಿರಲಿಲ್ಲ. ಟೀಚರ್ ಒಂದು ಮೆಟ್ಟಿಲ ಮೇಲೆ ಕೂತು ಬರೆಯೋಕೆ ಶುರು ಮಾಡಿದಳು. ದಕ್ಕೆಯ ಚಿತ್ರ ಬರೀತಾ ಬರೀತಾ ಅವಳಿಗೆ ಏನೋ ಕಿರಿಕಿರಿ. ಏನೋ ಬಿಟ್ಟುಹೋಗಿದೆ ಅನ್ನಿಸ್ತಿದೆ. ತಲೆ ಎತ್ತಿ ನೋಡಿದಳು. ಆಮೇಲೆ ಹೊಳೀತು.

ದೋಣಿ ಇಲ್ಲ. ಸುತ್ತ ಸಮುದ್ರ ಇರೋ ಊರು, ಅಷ್ಟು ಜನ ಇದ್ದಾರೆ... ಇವರದ್ದು ಬಿಟ್ರೆ ಒಂದೇ ಒಂದು ದೋಣಿ ಇಲ್ಲ.

ಅದೇ ಹೊತ್ತಿಗೆ ಕಡ್ಡಿ ಬೇರೆ ಏನೋ ನೋಡ್ತಿದ್ದನಂತೆ, ಆಮೇಲೆ ಅವಳಿಗೆ ಹೇಳಿದ. ಅವನ ಕಣ್ಣು ಹೋಗೋದು ಬಟ್ಟೆ ಮೇಲೆ ತಾನೇ. ಪ್ರತಿ ಕಿಟಕಿಗೂ ಪರದೆ. ಎಲ್ಲಾ ಹಾಯಿಬಟ್ಟೆ. ಹೊಸದಲ್ಲ, ಸಮುದ್ರ ಕಂಡ ಬಟ್ಟೆ. ಕೆಲವದರ ಮೇಲೆ ದೋಣಿ ಗುರುತು ಇನ್ನೂ ಮಾಸಿರಲಿಲ್ಲ. ಅಂಗಡಿ ಮುಂದಿನ ಚಪ್ಪರನೂ ಹಾಯಿ, ಮೇಜಿನ ಮೇಲಿನ ಹಾಸೂ ಹಾಯಿ.

ಮೇಲಿನ ಓಣೀಲಿ ಒಂದು ಚಹಾದ ಅಂಗಡಿ. ಒಬ್ಬಳು ಮುದುಕಿ ನಡೆಸ್ತಾಳೆ. ಅಂಗಡಿ ಹಿಂದಿನ ಕೋಣೇಲಿ ಒಂದು ದೊಡ್ಡ ಪರದೆ, ಅರ್ಧ ಹೊಲಿದು ನಿಂತಿದೆ. ದಬ್ಬಣ ಬಟ್ಟೆಯಲ್ಲೇ ಇದೆ. ಕಡ್ಡಿ ಸುಮ್ನೆ ಒಳಗೆ ಹೋಗಿ ಹೊಲಿಗೆ ಮೇಲೆ ಬೆರಳಾಡಿಸಿದ. ಹೊಲಿಗೆ ಎಲ್ಲಾ ಎಡಕ್ಕೆ ವಾಲಿತ್ತು.

ಎಡಗೈಯವರು ಹೊಲಿದ್ರೆ ಹಾಗೆ ವಾಲತ್ತೆ. ಅದರ ಮೇಲೆ ಒಬ್ಬೊಬ್ಬರ ಕೈಗೆ ಒಂದೊಂದು ಗುಣ. ಅಪ್ಪನ ಹೊಲಿಗೆ ಮಗನಿಗೆ ಗೊತ್ತಾಗಲ್ವಾ? ಗೋಡೆ ಮೇಲೆ ನೋಡ್ತಾ ಬೆಳೆದವನು.

"ಇದನ್ನ ಹೊಲೀತಿದ್ದೋರು ಎಲ್ಲಿ?" ಅಂತ ಕೇಳಿದ.

ಮುದುಕಿ ಲೋಟ ಒರೆಸ್ತಾ ಪಿಸುಗುಟ್ಟಿದಳು. "ಎದ್ದು ಹೋದ್ರು."

"ಎಲ್ಲಿಗೆ?"

"ಇಲ್ಲೇ. ಬರ್ತಾರೆ... ದಬ್ಬಣ ಇಲ್ಲೇ ಇದೆಯಲ್ಲ."

ಕೇಳಿದ್ರಾ? ಚಿಕ್ಕಮ್ಮ ಅಷ್ಟು ವರ್ಷ ಹೇಳಿದ ಮಾತು. ಅದೇ ಮಾತು.

ಕಡ್ಡಿ ಅಲ್ಲೇ ಕೂತ. ಅಪ್ಪ ಬರಲಿ ಅಂತ. ನಾನಾಗಿದ್ರೂ ಕೂರ್ತಿದ್ದೆ. ಸುಮ್ನೆ ಕೂತ್ರೆ ಹೊಲಿಯೋನ ಕೈ ಸುಮ್ನಿರತ್ತಾ? ಆ ದಬ್ಬಣ ಮುಟ್ಟಲಿಲ್ಲ, ಮುಟ್ಟಬಾರದು. ತನ್ನ ಜೇಬಿಂದ ತನ್ನದೇ ದಬ್ಬಣ ತೆಗೆದ. ಪರದೆಯ ಆ ಕಡೆಯ ತುದಿಯಿಂದ ತಾನೂ ಹೊಲೀತಾ ಬಂದ. ಅಪ್ಪ ಬಂದಾಗ ಕೆಲಸ ಸ್ವಲ್ಪ ಹಗುರ ಆಗಿರಲಿ ಅಂತ... ಪಾಪ. ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಟೀಚರ್ ಓಡಿ ಬಂದಳು. "ಗಾಳಿ ತಿರುಗ್ತಿದೆ ರೀ, ಕತ್ತಲಾಗ್ತಿದೆ, ಏಳಿ. ನನಗ್ಯಾಕೋ ಈ ಊರು ಸರಿ ಕಾಣ್ತಿಲ್ಲ."

"ಅಪ್ಪ ಇದ್ದಾರೆ ಕಣೇ ಇಲ್ಲಿ. ಸ್ವಲ್ಪ ತಡಿ."

"ನಾಳೆ ಬರೋಣ. ಎಲ್ಲರನ್ನೂ ಕರ್ಕೊಂಡು ಬರೋಣ. ಈಗ ಏಳಿ ನನ್ನಪ್ಪಾ..."

ರಟ್ಟೆ ಹಿಡ್ಕೊಂಡು ಎಳೆದಳು. ಕಡ್ಡಿ ಎದ್ದ. ಎದ್ದವನು... ಅಭ್ಯಾಸ ನೋಡಿ. ಯೋಚನೆ ಕೂಡ ಮಾಡಲಿಲ್ಲ. ದಿನಾ ಹಾಯಿ ಹೊಲಿಯೋ ನಮ್ಮ ಕೊಟ್ಟಿಗೇಲಿ ಕೆಲಸ ಬಿಟ್ಟು ಊಟಕ್ಕೆ ಏಳೋ ಹಾಗೆ, ದಬ್ಬಣನ ಬಟ್ಟೆಯಲ್ಲಿ ಚುಚ್ಚಿಟ್ಟು ಎದ್ದ.

ಮುದುಕಿ ನಕ್ಕಳು. "ಹಾಗಾದ್ರೆ ನೀನೂ ಬರ್ತೀಯ," ಅಂದಳು.

ದೋಣಿ ದಕ್ಕೆ ಬಿಟ್ಟಿತು. ಟೀಚರ್ ಹಿಂತಿರುಗಿ ನೋಡಿದಳು. ಪ್ರತಿ ಕಿಟಕೀಲೂ ಒಬ್ಬೊಬ್ಬರು ನಿಂತಿದ್ರು. ಯಾರೂ ಕೈ ಬೀಸಲಿಲ್ಲ. ಆಮೇಲೆ ಎಲ್ಲಾ ಕಿಟಕಿಯ ಪರದೆನೂ ಒಟ್ಟಿಗೇ ಎಳ್ಕೊಂಡವು. ಸರ್‍ರ್‍ರ್‍ರ್... ಆ ಕಡೆಯಿಂದ ಈ ಕಡೆಗೆ, ಇಡೀ ಊರು. ಪರದೆಯ ಬಳೆಗಳು ಕಿಣಿಕಿಣಿ ಅಂದವು. ಅಷ್ಟೇ ಹೊತ್ತಿಗೆ ಇವರ ದೋಣಿಯ ಹಾಯಿ ಕೆಳಗಿನ ಮೂಲೇಲಿ ಪರ್‍ರ್ ಅಂತ ಹರೀತು. ಗಾಳಿ ಅಷ್ಟೇನೂ ಇರಲಿಲ್ಲ. ಹರಿದ ಹಾಯಿಯಲ್ಲೇ ಹೇಗೋ ಮನೆ ಮುಟ್ಟಿದ್ರು.

ಆವತ್ತಿಂದ ಶುರು. ಮೊದಲನೇ ರಾತ್ರಿ ಕಡ್ಡಿ ನಿದ್ದೇಲಿ ಎದ್ದು ಬಾಗಿಲ ತನಕ ಹೋದ. ಇನ್ನೊಂದು ರಾತ್ರಿ ಅಂಗಳ. ಆಮೇಲೆ ನಾನು ನೋಡಿದ ಬಾವಿ ಕಟ್ಟೆ. ಬಾವಿ ದಾಟಿದ್ರೆ ದಕ್ಕೆ, ದಕ್ಕೆಯಲ್ಲಿ ದೋಣಿ. ದಿನದಿನಕ್ಕೆ ಹತ್ತಿರ ಹತ್ತಿರ ಹೋಗ್ತಿದ್ದ.

ನಾನು ಎಲ್ಲಾ ಹೇಳಿಸ್ಕೊಂಡು ಏನು ಮಾಡಿದೆ ಅಂತೀರಿ? ನರ್ಸಲ್ವಾ? ನಿದ್ದೇಲಿ ನಡೆಯೋ ಕಾಯಿಲೆ ಅಂದೆ. ಡಾಕ್ಟರ್ ಹತ್ರ ಬರೆಸ್ಕೊಂಡು ಗುಳಿಗೆ ತಂದೆ. ಆನೆನೂ ಗೊರಕೆ ಹೊಡೀಬೇಕು, ಅಂಥಾ ಗುಳಿಗೆ. ಅದರ ಜೊತೆ ಅವನ ಕಾಲನ್ನ ಮಂಚಕ್ಕೆ ಹಗ್ಗದಿಂದ ಕಟ್ಟಿದೆ. ಮಧ್ಯರಾತ್ರಿ ಟೀಚರ್ ಕಿರುಚಿದಳು. ಮಂಚ ಖಾಲಿ. ಹಗ್ಗ ಕಿತ್ತಿರಲಿಲ್ಲ, ಬಿಚ್ಚಿ, ನೀಟಾಗಿ ಸುತ್ತಿ ದಿಂಬಿನ ಮೇಲೆ ಇಟ್ಟಿತ್ತು. ಓಡಿದ್ವಿ. ಕಡ್ಡಿ ದೋಣೀಲಿ ಕೂತಿದ್ದ, ದೋಣಿಯ ಹಗ್ಗ ಬಿಚ್ಚಿ ನೀರಿಗೆ ಬಿದ್ದಿತ್ತು. ದಕ್ಕೆ ಬಿಟ್ಟು ಸರಿದಿತ್ತು ದೋಣಿ. ಟೀಚರ್ ಸೊಂಟದ ನೀರಿಗೆ ಇಳಿದು ಹಿಡಿದಳು.

ಇಷ್ಟು ದಿನ ಚಿಕ್ಕಮ್ಮನಿಗೆ ಹೇಳಿರಲಿಲ್ಲ. ಗಂಡ ಹೋದ ದಾರೀಲೇ ಮಗನೂ ಹೋಗ್ತಿದ್ದಾನೆ ಅಂತ ಯಾವ ಬಾಯಲ್ಲಿ ಹೇಳೋದು? ಆವತ್ತು ಮುಚ್ಚಿಡೋಕೆ ಆಗಲಿಲ್ಲ. ಒದ್ದೆ ಬಟ್ಟೇಲಿ ಮೂರು ಜನ ಒಳಗೆ ಬಂದ್ವಿ, ಅವಳು ಎದುರಿಗೇ ಕೂತಿದ್ದಳು. ಎಲ್ಲ ಕೇಳಿದಳು. ದ್ವೀಪ, ಪರದೆ, ಎಡಗೈ ಹೊಲಿಗೆ. ಅಳಲಿಲ್ಲ. ಮಗನನ್ನ ಅಲ್ಲಾಡಿಸಿ ಎಬ್ಬಿಸಿ ಒಂದೇ ಪ್ರಶ್ನೆ ಕೇಳಿದಳು.

"ನಿನ್ನ ದಬ್ಬಣ ಎಲ್ಲಿ?"

ಕಡ್ಡಿ ಜೇಬು ತಡಕಿದ. ಇನ್ನೊಂದು ಜೇಬು. ಆಮೇಲೆ ಅವನ ಮುಖ ನೋಡಬೇಕಿತ್ತು ನೀವು.

"ಅಲ್ಲೇ... ಬಟ್ಟೆಯಲ್ಲೇ..."

"ಕಂಡಕಂಡ ಊರಲ್ಲಿ ದಬ್ಬಣ ಚುಚ್ಚಿ ಬರೋದೇ ನಿಮ್ಮ ವಂಶದ ಕಸುಬೇನೋ?" ಅಂತ ಕೂಗಿದಳು ಚಿಕ್ಕಮ್ಮ. ಅವಳು ಕೂಗಿದ್ದು ನಾನು ಮೊದಲ ಸಲ ಕೇಳಿದ್ದು. "ಅವರೂ ಹೀಗೇ ಮಾಡಿರ್ತಾರೆ. ಇಲ್ಲೂ ಚುಚ್ಚಿಟ್ರು, ಅಲ್ಲೂ ಚುಚ್ಚಿಟ್ರು. ಎಲ್ಲಿಗೆ ಅಂತ ಬರ್ತಾರೆ ಪಾಪ..."

"ಹೋಗಿ ತೆಗೆದು ಬರ್ಲಾ ಅಮ್ಮಾ?" ಅಂದ ಕಡ್ಡಿ. ಆ ಮಾತಲ್ಲಿ ಭಯ ಇರಲಿಲ್ಲ. ಆಸೆ ಇತ್ತು.

"ಮತ್ತೆ ಆ ಪರದೆ ಮುಂದೆ ಕೂತ್ರೆ ನೀನು ಏಳಲ್ಲ," ಅಂದಳು ಚಿಕ್ಕಮ್ಮ.

"ಬೇರೆ ದಾರಿ ಇಲ್ವಾ ಚಿಕ್ಕಮ್ಮಾ?" ಅಂದೆ ನಾನು.

ಚಿಕ್ಕಮ್ಮ ಎದ್ದು ಗೋಡೆ ಮೇಲಿನ ಹಾಯಿ ಮುಂದೆ ಹೋಗಿ ನಿಂತಳು. ಆಮೇಲೆ ಮೆತ್ತಗೆ ಹೇಳಿದಳು. "ಇದೆ. ಇನ್ನೊಬ್ಬರು ಆ ಕೆಲಸ ತಮ್ಮದು ಅಂತ ಒಪ್ಪಿಕೊಂಡು, ಪೂರ್ತಿ ಹೊಲಿದು, ಗಂಟು ಹಾಕಬೇಕು. ಆಗ ಚುಚ್ಚಿಟ್ಟೋರ ಋಣ ಹರಿಯತ್ತೆ." ಅಷ್ಟು ಹೇಳಿ, "ನೀನು ಮಲಕ್ಕೋ ಮಗಳೇ, ಪಾಳಿ ಮಾಡಿ ಮಾಡಿ ಕಣ್ಣು ಗುಳಿ ಬಿದ್ದಿದೆ," ಅಂತ ತನ್ನ ಶಾಲು ತೆಗೆದು ನನ್ನ ಮೇಲೆ ಹೊದಿಸೋಕೆ ಬಂದಳು. "ನೀನೇ ಹೊದ್ದುಕೋ ಚಿಕ್ಕಮ್ಮಾ, ಚಳಿ ಇದೆ," ಅಂದೆ. ನಾನು ಅವಳ ಹತ್ರ ಆಡಿದ ಕೊನೇ ಮಾತು ಅದು.

ಮರುದಿನ ನಾನು ಆಸ್ಪತ್ರೆಯಿಂದ ಬರೋಷ್ಟರಲ್ಲಿ ಚಿಕ್ಕಮ್ಮ ಮಲಗಿಬಿಟ್ಟಿದ್ದಳು. ಆ ರಾತ್ರಿ ಕಾವಲು ಕೂತದ್ದು ನಾನೇ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕೂತಿದ್ದೆ ಅಂತ ಎಲ್ಲರ ಹತ್ರನೂ ಹೇಳ್ಕೊಂಡಿದೀನಿ. ಇಲ್ಲ, ತೂಕಡಿಸಿದೆ. ಎಚ್ಚರ ಆದಾಗ ಮನೆ ನಿಶ್ಶಬ್ದ. ಆ ಸದ್ದು ಇಲ್ಲ. ಟಕ್ ಇಲ್ಲ, ಸರ್‍ರ್ ಇಲ್ಲ. ಎದ್ದು ನೋಡಿದೆ. ಕಡ್ಡಿ ಬಾಯಿ ತೆರ್ಕೊಂಡು ಗೊರಕೆ ಹೊಡೀತಿದ್ದ. ಅಬ್ಬಾ ಅನ್ನಿಸ್ತು.

ಆಮೇಲೆ ಚಿಕ್ಕಮ್ಮನ ಹಾಸಿಗೆ ನೋಡಿದೆ. ಮಡಚಿಟ್ಟಿತ್ತು.

ಗೋಡೆ ನೋಡಿದೆ. ಹಾಯಿ ಇತ್ತು. ಅಷ್ಟು ವರ್ಷ ಯಾರೂ ಮುಟ್ಟದ ದಬ್ಬಣ ಇರಲಿಲ್ಲ. ಅದಿದ್ದ ಜಾಗದಲ್ಲಿ ಎರಡು ಸಣ್ಣ ತೂತು.

ದಕ್ಕೆಗೆ ಓಡಿದೆ. ದೋಣಿ ಇರಲಿಲ್ಲ. ಗಾಳಿ ಕೂಡ ಇರಲಿಲ್ಲ, ನೀರು ತಟ್ಟೇಲಿ ಹಾಕಿದ ಹಾಗೆ ನಿಂತಿತ್ತು. ದೋಣಿ ಅಲ್ಲಾಡೋದು ನೋಡಿದ್ರೆ ವಾಂತಿ ಮಾಡ್ಕೊಳ್ಳೋ ಹೆಂಗಸು. ಹಾಯಿಯ ಯಾವ ಹಗ್ಗ ಎಳೆದ್ರೆ ಏನಾಗತ್ತೆ ಅಂತ ಗೊತ್ತಿರದವಳು. ಹರಿದ ಹಾಯಿ. ಹೇಗೆ ಹೋದಳು? ಕೂಗಿದೆ. ಗಂಟಲು ಕಟ್ಟೋ ತನಕ ಕೂಗಿದೆ. ಮಗನ ಬದಲು ತಾನು ಹೋದಳು ಅಂತ ಆಗಲೇ ಗೊತ್ತಿತ್ತು ನನಗೆ, ಆದ್ರೂ ಕೂಗಿದೆ.

ಪೊಲೀಸಿನವರು ಯಂತ್ರದ ದೋಣೀಲಿ ಹೋದ್ರು. ಕಡ್ಡಿ ದಾರಿ ಹೇಳಿ ಕಳಿಸಿದ. ಅವನನ್ನ ಹತ್ತೋಕೆ ನಾವು ಬಿಡಲಿಲ್ಲ, ಟೀಚರ್ ಅವನ ಕಾಲ ಮೇಲೇ ಕೂತುಬಿಟ್ಟಿದ್ದಳು. ದ್ವೀಪ ಸಿಕ್ಕಿತು. ಊರೂ ಸಿಕ್ಕಿತು. ಬಾಗಿಲುಗಳಿಗೆಲ್ಲ ಒಳಗಿಂದ ಚಿಲಕ. ತಟ್ಟಿದ್ರು, ಕರೆದ್ರು, ಯಾರೂ ತೆಗೀಲಿಲ್ಲ. ಎರಡು ಬಾಗಿಲು ಮುರಿದು ನೋಡಿದ್ರು, ಒಳಗೆ ಯಾರೂ ಇಲ್ಲ. ಎಷ್ಟೋ ವರ್ಷದಿಂದ ಖಾಲಿ ಬಿದ್ದಿರೋ ಊರು ಅಂತ ಬರ್ಕೊಂಡ್ರು. ಅವರಲ್ಲೊಬ್ಬ ಆಮೇಲೆ ನಮ್ಮ ಆಸ್ಪತ್ರೆಗೆ ಬಂದಿದ್ದ, ಜ್ವರ ಅಂತ. ನನ್ನ ಹತ್ರ ಮೆಲ್ಲಗೆ ಹೇಳಿದ. "ಸಿಸ್ಟರ್, ಖಾಲಿ ಊರು ಸರಿ. ಆದ್ರೆ ಹೂಕುಂಡದ ಮಣ್ಣು ಒದ್ದೆ ಇತ್ತು."

ಅವರು ವಾಪಸ್ ಬಂದ ಮಾರನೇ ಬೆಳಿಗ್ಗೆ ಕಡ್ಡಿಯ ದೋಣಿ ದಕ್ಕೆಯಲ್ಲಿತ್ತು.

ಯಾರು ತಂದ್ರು ಅಂತ ಕೇಳಬೇಡಿ. ಗೊತ್ತಿಲ್ಲ. ಹಗ್ಗ ಕಂಬಕ್ಕೆ ಬಿಗಿಯಾಗಿ ಕಟ್ಟಿತ್ತು. ಎಲ್ಲರೂ ಸುತ್ತೋ ಕಡೆಗೆ ಸುತ್ತಿರಲಿಲ್ಲ, ಎದುರು ಕಡೆಗೆ ಸುತ್ತಿತ್ತು. ಕಡ್ಡಿ ಅದನ್ನ ಮುಟ್ಟಿ ನೋಡಿ, "ಅಪ್ಪ ಕಟ್ಟಿದ್ದು" ಅಂದ. ದೋಣಿ ಒಳಗೆ ಚಿಕ್ಕಮ್ಮನ ಶಾಲು, ನಾಲ್ಕು ಮಡಿಕೆ ಮಡಚಿತ್ತು. ಬಿಚ್ಚಿದ್ರೆ ಕಡ್ಡಿಯ ದಬ್ಬಣ.

ಚಿಕ್ಕಮ್ಮ ಹೋದ ರಾತ್ರಿಯಿಂದ ಇವತ್ತಿನ ತನಕ ಅವನು ನಿದ್ದೇಲಿ ಎದ್ದಿಲ್ಲ. ಮಗ ಉಳಿದ. ಚಿಕ್ಕಮ್ಮ ಬರಲಿಲ್ಲ. ನಮ್ಮೂರವರು ಚಿಕ್ಕಮ್ಮನಿಗೆ ತಲೆ ಕೆಟ್ಟಿತ್ತು, ಸಮುದ್ರಕ್ಕೆ ಬಿದ್ದಳು ಅಂದ್ರು. ಅನ್ನಲಿ. ದೋಣಿನ ಕಡ್ಡಿ ಮತ್ತೆ ನೀರಿಗೆ ಇಳಿಸಲಿಲ್ಲ, ಕೊಟ್ಟಿಗೇಲಿ ಎತ್ತಿಟ್ಟಿದ್ದಾನೆ. ಅದರ ಹಾಯಿ ಬಿಚ್ಚಿ ಒಣಗಿಸಿದವಳು ನಾನೇ. ಅದಕ್ಕೇ ಹೇಳ್ತಿದೀನಿ.

ಹರಿದಿತ್ತು ಅಂದೆನಲ್ಲ, ಕೆಳಗಿನ ಮೂಲೆ? ಅದು ಹೊಲಿದಿತ್ತು. ಒಂದು ತುದಿಯಿಂದ ಬಂದ ಹೊಲಿಗೆ ಎಡಕ್ಕೆ ವಾಲಿದೆ. ಇನ್ನೊಂದು ತುದಿಯಿಂದ ಬಂದದ್ದು ಬಲಕ್ಕೆ. ಬಲದ್ದು ಒತ್ತೊತ್ತಾಗಿದೆ, ಒಂದು ಹಾಕೋ ಕಡೆ ಮೂರು ಹಾಕಿದ ಹಾಗೆ. ನನ್ನ ನರ್ಸಿನ ಬಟ್ಟೆಯ ಅಂಚೆಲ್ಲ ಚಿಕ್ಕಮ್ಮನೇ ಹೊಲಿದುಕೊಡ್ತಿದ್ದದ್ದು, ಹೀಗೇ ಒತ್ತೊತ್ತಾಗಿ... ನನಗೆ ಗೊತ್ತಾಗಲ್ವಾ ಆ ಕೈ? ಎರಡೂ ಹೊಲಿಗೆ ನಡುವೆ ಬಂದು ಸೇರಿವೆ. ಅಲ್ಲಿ ಒಂದೇ ಗಂಟು. ದಾರ ಕತ್ತರಿಸಿದೆ.

ನಂಬದಿದ್ರೆ ಬೆಳಿಗ್ಗೆ ಕೊಟ್ಟಿಗೆಗೆ ಬನ್ನಿ, ತೋರಿಸ್ತೀನಿ. ಆವತ್ತು ಆ ಗಂಟಿನ ಮೇಲೆ ನಾನೇ ಬೆರಳಿಟ್ಟು ನೋಡಿದೆ. ದಾರದ ಮೇಣ ಇನ್ನೂ ಬೆಚ್ಚಗಿತ್ತು.